ಒಂದೇ ಕೈಯಲ್ಲಿ ಮೇಲೇಳುವುದು

ಅಪ್ಪ ಮಗುಚಿಕೊಂಡರು. ಒಬ್ಬರೇ ಕೂರುವ ಕಿರುದೋಣಿ ಕಯಾಕಿನ ಬಿಳಿಚಿದ ಚರ್ಮದ ಹೊಟ್ಟೆ ಮಾತ್ರ ನೀರಿನ ಮೇಲೆ ಉಳಿಯಿತು. ಪಕ್ಕದ ಕಯಾಕಿನಲ್ಲಿ ಉಜುವಾತ್ ಉಸಿರು ಬಿಗಿಹಿಡಿದು ಕಾದ. ಹುಟ್ಟು ನೀರನ್ನು ಸವರಿತು, ಸೊಂಟ ತಿರುಗಿತು, ಅಪ್ಪ ಎದ್ದು ಕೂತು ಕೆಮ್ಮಿದರು.

“ತಲೆ ಮೊದ್ಲು ಎತ್ತಿಬಿಟ್ಟೆ, ಅಪ್ಪ. ಸೊಂಟ ಮೊದ್ಲು, ತಲೆ ಕೊನೇಲಿ. ಎಷ್ಟು ಸಲ ಹೇಳ್ಲಿ?”

“ಮೂಗಿಗೆ ನೀರು ಹೋಯ್ತು ಕಣೋ.”

ದಡದಿಂದ ಉಜುವಾತನ ತಾಯಿ, ಮುದುಕಿ ಅಮಾಲಿಯೆ ಕೂಗಿದಳು: “ಯಜಮಾನ್ರೇ, ಅವತ್ತೂ ಹಿಂಗೇ ನನ್ ಮಾತು ಕೇಳ್ದೆ ಹೋದ್ರಿ! ಕಲಿಯೋವರ್ಗೂ ಊಟ ಇಲ್ಲ.”

ಆ ದಿನವನ್ನು ಗ್ರೀನ್‌ಲ್ಯಾಂಡಿನ ನಮ್ಮ ಈ ಪುಟ್ಟ ಊರಲ್ಲಿ ಯಾರೂ ಮರೆತಿಲ್ಲ. ಬೇಟೆಯ ಈಟಿ ತಗುಲಿದ ಸೀಲ್ ಪ್ರಾಣಿ ನೀರಲ್ಲಿ ಓಡಿತು, ಈಟಿಯ ಹಗ್ಗ ಅಪ್ಪನ ಬಲಗೈಗೆ ಸುತ್ತಿಕೊಂಡಿತು, ಕಯಾಕ್ ಮಗುಚಿತು. ಎರಡು ಕೈಯಲ್ಲೂ ಹುಟ್ಟು ಹಿಡಿದು ಏಳುವುದೊಂದೇ ಅವರಿಗೆ ಗೊತ್ತಿದ್ದದ್ದು. ಉಜುವಾತ್ ತಲುಪುವಷ್ಟರಲ್ಲಿ ಖಾಲಿ ಕಯಾಕ್, ಸುತ್ತ ಬರೀ ನೀರು. ಚರ್ಚಿನ ಹಿಂದೆ ಅಪ್ಪನ ಹೆಸರಿನ ಶಿಲುಬೆಯಿದೆ, ಅದರಡಿ ಯಾರೂ ಇಲ್ಲ. ಹಾಗಿದ್ದೂ ಅಪ್ಪ ಮತ್ತೆ ಕಡಲಿಗಿಳಿದಾಗ ಊರಿನವರು ಕಿಟಕಿಯಿಂದ ನೋಡಿ ತಮ್ಮ ಕೆಲಸಕ್ಕೆ ಮರಳಿದರು.

ಹಳೆಯ ಕಯಾಕ್ ಈಗ ಅಪ್ಪನ ಮೈಗೆ ಹೊಂದಲಿಲ್ಲ. ಕಯಾಕ್ ಕಟ್ಟುವುದು ಕೂರುವವರ ಅಳತೆಗೆ. ಉಜುವಾತ್ ಹೊಸದನ್ನು ಚಿಕ್ಕದಾಗಿ ಕಟ್ಟಿದ. “ಸಮುದ್ರ ಮನುಷ್ಯನ್ನ ಕುಗ್ಗಿಸಿಬಿಡುತ್ತೆ,” ಎಂದು ಅಮಾಲಿಯೆ ನಕ್ಕಿದ್ದಳು. ಮೊದಲು ಪ್ರಾಣವಾಗಿದ್ದ ಸೀಲಿನ ಲಿವರನ್ನು ಅಪ್ಪ ಈಗ ಮುಖ ಸಿಂಡರಿಸಿ ದೂರ ತಳ್ಳುತ್ತಾರೆ. ಅದೊಂದು ಅವಳಿಗೆ ಬೇಜಾರು.

ಗಾಳಿ ಎದ್ದಿತು. ಬಂಡೆಯ ತಿರುವಿನಾಚೆ, ಅವತ್ತು ಅಪ್ಪ ಮಗುಚಿದ್ದ ಅದೇ ಒರಟು ನೀರು. ಉಜುವಾತ್ ಅಲ್ಲಿಗೇ ಕರೆದೊಯ್ದು ಹುಟ್ಟನ್ನು ಕಸಿದುಕೊಂಡ.

“ಒಂದೇ ಕೈ, ಅಪ್ಪ. ಬಲಗೈ ಎದೆಗೆ ಒತ್ಕೋ, ಕಟ್ಟಿಹಾಕಿದಾರೆ ಅನ್ಕೋ.”

“ಹೆದ್ರಿಕೆ ಆಗ್ತಿದೆ.”

“ನಂಗೂ. ಆದ್ರೆ ಈ ಸಲ ನಾನು ಪಕ್ಕದಲ್ಲೇ ಇದೀನಿ.”

ಅಪ್ಪ ಮಗುಚಿಕೊಂಡರು. ಒಂದು ಅಲೆ ಹೋಯಿತು, ಇನ್ನೊಂದು ಹೋಯಿತು. ಬಿಳಿ ಹೊಟ್ಟೆ ಅಲುಗಲಿಲ್ಲ. ಇಷ್ಟು ವರ್ಷ ಕನಸಲ್ಲಿ ಕಂಡದ್ದೇ ಉಜುವಾತನ ಕಣ್ಣ ಮುಂದಿತ್ತು. ಕೈ ಚಾಚಿದ. ಬೆರಳು ತಾಗುವ ಮೊದಲೇ ಎಡಗೈಯೊಂದು ನೀರಿನಿಂದ ಎದ್ದು, ಅಂಗೈ ಅಗಲಿಸಿ, ಅಲೆಯನ್ನು ಒತ್ತಿತು. ಆಮೇಲೆ ಸೊಂಟ. ಕೊನೆಗೆ ತಲೆ.

“ಬಂದೆ ಕಣೋ. ಅಳ್ಬೇಡ.”

ಉಜುವಾತ್ ಬಿಕ್ಕಿ ಬಿಕ್ಕಿ ಅತ್ತ.

ಇಬ್ಬರೂ ದಡಕ್ಕೆ ಮರಳಿದಾಗ ಅಮಾಲಿಯೆ ಮೊಣಕಾಲುದ್ದ ನೀರಿಗಿಳಿದು ಅಪ್ಪನನ್ನು ಬಾಚಿ ಎತ್ತಿಕೊಂಡಳು. “ಬರೋಕೆ ಇಷ್ಟು ಹೊತ್ತಾ, ಯಜಮಾನ್ರೇ?”

ಒದ್ದೆ ಟೊಪ್ಪಿ ಜಾರಿ ಎರಡು ಪುಟ್ಟ ಜಡೆ ಹೊರಬಿದ್ದವು. ಸತ್ತವರ ಹೆಸರನ್ನು ಮುಂದೆ ಹುಟ್ಟುವ ಕೂಸಿಗೆ ಇಡುವುದು ನಮ್ಮ ರೂಢಿ. ಹೆಸರಿನೊಡನೆ ಅವರೂ ಮನೆಗೆ ಮರಳುತ್ತಾರೆ. ಹಾಗೆ ಮರಳಿದ ಅಪ್ಪ, ಉಜುವಾತನ ಎಂಟು ವರ್ಷದ ಮಗಳು, ಹಾಲುಹಲ್ಲು ಬಿದ್ದ ಬಾಯಿ ತೆರೆದು ಕೇಳಿದಳು: “ಈಗ ಊಟ ಹಾಕ್ತೀಯಾ, ಅಜ್ಜಿ?”