ಏಳನೆಯ ತಟ್ಟೆ

ಏಳನೆಯ ತಟ್ಟೆಯನ್ನು ಲ್ಯಾಬಿನ ನಿಲ್ದಾ ಮೂರು ಸಲ ಬೆಳಕಿಗೆ ಹಿಡಿದು ನೋಡಿದಳು. ಎತ್ತರದ ಬೆಟ್ಟಸೀಮೆಯ ಒರುರೊ ಊರಿನ ಆ ಆಸ್ಪತ್ರೆಯಲ್ಲಿ ಮೂರು ಹಸುಗೂಸುಗಳ ಮೈಮೇಲೆ ಕೀವುಗುಳ್ಳೆ ಎದ್ದು, ಮುಲಾಮಿಗೆ ಜಗ್ಗುತ್ತಿರಲಿಲ್ಲ. ಅದಕ್ಕೇ ವಾರ್ಡಿನಲ್ಲಿ ಕೆಲಸ ಮಾಡುವ ಹನ್ನೊಂದು ಜನರ ಮೂಗಿನಿಂದ ಮಾದರಿ ತೆಗೆಸಿ, ಒಬ್ಬೊಬ್ಬರದನ್ನು ಒಂದೊಂದು ಗಾಜಿನ ತಟ್ಟೆಯಲ್ಲಿ ಬೆಳೆಸಿದ್ದರು. ನಾಲ್ಕರಲ್ಲಿ ರೋಗಾಣು ಬೆಳೆದಿತ್ತು. ಮೂರು ತಟ್ಟೆಗಳಲ್ಲಿ, ಮುಲಾಮಿನ ಔಷಧಿ ಹೀರಿದ ಕಾಗದದ ಬಿಲ್ಲೆಯ ಸುತ್ತ ಅವು ಸತ್ತು ದುಂಡಗೆ ಬಯಲಾಗಿತ್ತು. ಏಳನೆಯದರಲ್ಲಿ ಮಾತ್ರ ಬಿಲ್ಲೆಯನ್ನೇ ಮುತ್ತಿಕೊಂಡು ಸೊಂಪಾಗಿ ಬೆಳೆದಿದ್ದವು. ಮಕ್ಕಳ ಕೀವಿನ ತಟ್ಟೆಯೂ ಹಾಗೇ ಇತ್ತು.

ಅದು ಯಾರ ಮೂಗೋ ನಿಲ್ದಾಗೆ ಗೊತ್ತಿಲ್ಲ. ಪರೀಕ್ಷೆ ಮಾಡುವವರಿಗೆ ಸಿಗುವುದು ನಂಬರು ಮಾತ್ರ. ಹೆಸರುಗಳೆಲ್ಲ ಅಂಟಿಸಿದ ಲಕೋಟೆಯಲ್ಲಿರುತ್ತವೆ.

"ಸಿಕ್ಕಿಬಿದ್ದಳಾ ಮಹಾರಾಯ್ತಿ?" ಮುಖ್ಯ ನರ್ಸ್ ಬಾಸಿಲಿಯಾ ಒಳಗೆ ಬಂದಳು. ಹೊರಗಿನ ಬೆಂಚಿನ ಮೇಲೆ ನೆಲ ಒರೆಸುವ ತೆಯೊದೋರಾ ಬಕೆಟ್ಟಿನ ಸಮೇತ ಕೂತಿದ್ದಳು.

"ಯಾರೂಂತ ಇನ್ನೂ ನೋಡಿಲ್ಲ, ದೋನ್ಯಾ ಬಾಸಿಲಿಯಾ."

"ನೋಡೋದೇನಿದೆ? ನೆಲ ಒರೆಸೋ ಕೈಲೇ ತೊಟ್ಟಿಲು ಮುಟ್ತಾಳೆ. ನಿನ್ನೆಯಿಂದ ಹೊರಗೇ ಕೂರಿಸಿದೀನಿ. ಇವತ್ತು ಕೆಲಸ ಬಿಡಿಸಿ ಮನೆಗೆ ಕಳಿಸ್ತೀನಿ. ಲಕೋಟೆ ಒಡಿ, ನಿಲ್ದಾ."

ಮಾತಿನ ನಡುವೆಯೇ ಬಾಸಿಲಿಯಾ ಜೇಬಿನಿಂದ ಟ್ಯೂಬ್ ತೆಗೆದು, ಬೆರಳ ತುದಿಗೆ ಹಿಂಡಿ, ಎರಡೂ ಹೊಳ್ಳೆಗೆ ಸವರಿಕೊಂಡಳು. ಆ ಎತ್ತರದ ಒಣಗಾಳಿಗೆ ಮೂಗು ಬಿರಿದು ರಕ್ತ ಬರುತ್ತದೆ. ಉಳಿದವರಿಗೆಲ್ಲ ವ್ಯಾಸಲೀನ್ ಸಾಕು. ಬಾಸಿಲಿಯಾಗೆ ಹದಿನೆಂಟು ವರ್ಷದಿಂದ ಮಕ್ಕಳಿಗೆ ಹಚ್ಚುವ ವಾರ್ಡಿನ ಮುಲಾಮೇ ಆಗಬೇಕು. ನಿಲ್ದಾ ಆ ಟ್ಯೂಬನ್ನೂ ಏಳನೆಯ ತಟ್ಟೆಯನ್ನೂ ನೋಡಿದಳು. ಲಕೋಟೆ ಒಡೆಯುವುದೇ ಬೇಡ ಎನ್ನಿಸಿತು. ಆದರೂ ಒಡೆದಳು, ಓದಿದಳು, ಚೀಟಿಯನ್ನು ಮುಂದೆ ಸರಿಸಿದಳು.

ಬಾಸಿಲಿಯಾ ಚೀಟಿ ನೋಡಿದಳು, ತಟ್ಟೆ ನೋಡಿದಳು, ಮತ್ತೆ ಚೀಟಿ ನೋಡಿದಳು.

"ಒಂದು ದಿನಾನೂ ತಪ್ಪಿಸದೆ ಹಚ್ಕೊಂಡಿದೀನಲ್ಲೇ!"

"ಅದಕ್ಕೇ, ದೋನ್ಯಾ. ನಿಮ್ಮ ಮೂಗಿನ ರೋಗಾಣು ಮುಲಾಮಿಗೆ ಒಗ್ಗಿಹೋಗಿವೆ."

"ಮತ್ತೆ ತೆಯೊದೋರಾದು?"

"ಮೂರನೇದು. ಅದರಲ್ಲಿ ಏನೂ ಬೆಳೆದಿಲ್ಲ."

ಬಾಸಿಲಿಯಾ ಹೊರಗೆ ಬಂದಾಗ ತೆಯೊದೋರಾ ಗಡಬಡಿಸಿ ಎದ್ದು ನಿಂತಳು.

"ಮನೆಗೆ ಹೋಗ್ಲಾ, ದೋನ್ಯಾ?"

"ಇಲ್ಲ. ನೀನು ವಾರ್ಡಿಗೆ ಹೋಗು."

ತೆಯೊದೋರಾ ಬಕೆಟ್ ಎತ್ತಿಕೊಂಡು ಹೋದಳು. ಅವಳು ಕೂತು ಬೆಚ್ಚಗಾಗಿದ್ದ ಜಾಗದಲ್ಲೇ ಬಾಸಿಲಿಯಾ ಕೂತಳು. ಗಾಳಿಗೆ ಮೂಗು ಉರಿಯಿತು. ಕೈ ತನ್ನಷ್ಟಕ್ಕೆ ತಾನೇ ಜೇಬಿಗೆ ಹೋಗಿ ಟ್ಯೂಬಿನ ಮುಚ್ಚಳ ತಿರುಗಿಸತೊಡಗಿತು.