ಒಂದು ಗೇಣು ಬಲಕ್ಕೆ

“ತಿರುಪು ಮುಟ್ಟಬೇಡಿ. ಮೊದಲು ಇದ್ದ ಹಾಗೇ ಹೊಡೀರಿ,” ಎಂದಳು ಇಷ್ಬೆಲ್.

ಫಿನ್ಲೇ ಕೋವಿಯನ್ನು ಮೇಜಿನ ಮರಳುಚೀಲದ ಮೇಲೆ ಒರಗಿಸಿ ಅವಳ ಮುಖ ನೋಡಿದ. “ಚಿಕ್ಕಂದಿನಿಂದ ಹೋಗೋ ಬಾರೋ ಅಂತಿದ್ದವಳು. ಇವತ್ತು ಬಹುವಚನ ಬೇರೆ. ಅಷ್ಟು ದೂರದವನಾಗಿಬಿಟ್ಟೆನಾ ಮಾರಾಯ್ತಿ?”

“ಬಾಡಿಗೆಗೆ ಬಂದವರ ಹತ್ರ ಎಲ್ಲ ಹೀಗೇ ಮಾತಾಡೋದು.”

ಬರ್ಚ್ ಮರಗಳ ನಡುವೆ ಕಡಿದ ಉದ್ದನೆಯ ಓಣಿ ಅದು. ಈ ತುದಿಗೆ ಹಲಗೆಯ ಗುಡಿಸಲು. ನೂರು ಗಜದಾಚೆ ಮಣ್ಣಿನ ದಿಬ್ಬಕ್ಕೆ ಒರಗಿಸಿದ ಗುರಿಹಲಗೆ. ಬೇಟೆಯ ಕಾಲ ಬಂತೆಂದರೆ ಕಣಿವೆಯ ಗಂಡಸರೆಲ್ಲ ಈ ಕಾಡಿನ ತುಂಡನ್ನು ಇಷ್ಬೆಲ್‌ಳಿಂದ ಬಾಡಿಗೆಗೆ ಹಿಡಿಯಬೇಕು. ಒಂದೆರಡು ಈಡು ಹಾರಿಸಬೇಕು, ಕೋವಿಯ ಮೇಲಿನ ದುರ್ಬೀನಿನ ತಿರುಪನ್ನು ಅತ್ತಿತ್ತ ತಿರುಗಿಸಬೇಕು, ಕಣ್ಣಿಟ್ಟಲ್ಲೇ ಗುಂಡು ಬೀಳುವಂತೆ ಗುರಿ ಕೂಡಿಸಿಕೊಳ್ಳಬೇಕು. ಆಮೇಲೆ ವಿಸ್ಕಿ. ಕುಡಿದವನು ಕೋವಿ ಹಿಡಿದು ಮನೆಗೆ ಹೋಗುವಂತಿಲ್ಲ. ಗುಡಿಸಲಿನ ಕಬ್ಬಿಣದ ಬೀರುವಿನಲ್ಲಿಟ್ಟು ಬೆಳಿಗ್ಗೆ ಬಂದು ಒಯ್ಯಬೇಕು. ಲಾಕ್ಲನ್ ಮಾಡಿದ ಕಟ್ಟಳೆ ಅದು. ಬೀಗದ ಕೈ ಇಷ್ಬೆಲ್‌ಳ ಸೊಂಟದಲ್ಲಿ.

ಲಾಕ್ಲನ್ ಅವಳ ಗಂಡ. ಹೋದ ವರ್ಷ ಫಿನ್ಲೇಯ ಗುಂಡಿಗೆ ಸತ್ತ.

ಹಾಳಾದ ಆ ಬೇಟೆ ನಡೆದದ್ದು ಒಂಟಿಕೊಂಬನಿಗಾಗಿ. ಒಂಟಿಕೊಂಬ ಒಂದು ಮುದಿ ಸಾರಂಗ. ಇಷ್ಬೆಲ್ ಹಿತ್ತಲಲ್ಲಿಟ್ಟ ಸೇಬನ್ನು ಮನೆಯ ಕರುವಿನ ಹಾಗೆ ತಿಂದು ಹೋಗುತ್ತಿತ್ತು. “ನಾಳೆ ಒಂಟಿಕೊಂಬನ ತಲೆ ನನ್ನ ಗೋಡೆಗೆ!” ಎಂದು ಹಿಂದಿನ ಸಂಜೆ ಫಿನ್ಲೇ ಲೋಟ ಎತ್ತಿದ್ದ. ಅದೊಂದನ್ನು ಬಿಟ್ಟುಬಿಡಿ ಎಂದು ಅವಳು ಅಂಗಲಾಚಿದರೆ ಗಂಡನೂ ಸೇರಿಕೊಂಡು ನಕ್ಕಿದ್ದ.

ಮರುದಿನ ತೊರೆಯ ಬಳಿ ಸಾರಂಗ ಎದುರುಮುಖವಾಗಿ ಕಾಣಿಸಿತು. ಅದು ನೀರಿಗಿಳಿಯುವ ಜಾಗ ಊರಿಗೆಲ್ಲ ಗೊತ್ತು. ಎಡಕ್ಕೆ ನರಪಿಳ್ಳೆ ಸುಳಿಯದ ಬೋಳುಗುಡ್ಡ. ಬಲಕ್ಕೆ, ಸಾರಂಗದ ಬೆನ್ನ ಹಿಂದೆಯೇ, ಜರೀಗಿಡಗಳು, ಅವುಗಳ ಮರೆಯಲ್ಲಿ, ಹೇಳದೆ ಕೇಳದೆ ಸುತ್ತಿ ಬಂದು ಕೂತಿದ್ದ ಲಾಕ್ಲನ್. ಫಿನ್ಲೇ ಇನ್ನೂರು ಗಜದಿಂದ ಹೊಡೆದ. ಸಾರಂಗ ಓಡಿತು. ಲಾಕ್ಲನ್ ಏಳಲಿಲ್ಲ.

“ನಾನು ಗುರಿ ಇಟ್ಟಿದ್ದು ಸಾರಂಗಕ್ಕೇ. ಕೋವಿ ಒಂದು ಮೊಳ ಬಲಕ್ಕೆ ಎಳೀತು,” ಎಂದು ಅತ್ತ ಫಿನ್ಲೇ. ಊರು ನಂಬಿತು. ಪೊಲೀಸರು ಹೊಡೆದು ನೋಡಿ ಹೌದೆಂದು ಬರೆದರು. ಠಾಣೆಯಲ್ಲಿರುವುದು ಅವನ ಭಾವಮೈದುನ, ಇನ್ನೇನು ಬರೆದಾನು?

ಇಷ್ಬೆಲ್ ನಂಬಲಿಲ್ಲ. ಹಿಂದಿನ ಸಂಜೆ ಇದೇ ಮೇಜಿನಿಂದ ಅವನು ಹೊಡೆದ ಗುಂಡುಗಳೆಲ್ಲ ಗುರಿಹಲಗೆಯ ನಡುವಿನ ಕಪ್ಪುಚುಕ್ಕೆಯೊಳಗೇ ಬಿದ್ದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆ ಕೋವಿ ಬಲಕ್ಕೆ ಹೊಡೆಯಲು ಸಾಧ್ಯವೇ ಇಲ್ಲ, ಅದು ಅವಳಿಗೆ ಖಂಡಿತ ಗೊತ್ತು. ಮದುವೆಗೆ ಮೊದಲು ತನ್ನ ಹಿಂದೆ ಬಿದ್ದಿದ್ದವನು ಇವನು. ಹಳೆಯ ಹೊಟ್ಟೆಕಿಚ್ಚು ಆರಿರಲಿಲ್ಲ, ಬೇಕೆಂದೇ ಕೊಂದಿದ್ದಾನೆ.

ಬಾಗಿಲ ಹಿಂದೆ ಲಾಕ್ಲನ್‌ನ ಕೋವಿ ತೋಟಾ ತುಂಬಿಕೊಂಡು ನಿಂತಿತ್ತು. ಇವತ್ತು ಗುಂಡು ಬಲಕ್ಕೆ ಹೋಗದಿದ್ದರೆ ಫಿನ್ಲೇ ಮನೆಗೆ ಹೋಗುವುದಿಲ್ಲ. ಆಕಸ್ಮಿಕ ಎಂದರೆ ನಂಬುವ ಊರು, ಇನ್ನೊಂದನ್ನೂ ನಂಬಲಿ.

ಅವಳು ಬಾಗಿ ದುರ್ಬೀನು ನೋಡಿದಳು. ಅಂದು ತೊರೆಯ ಬಳಿ, ಜೊತೆಯ ಬೇಟೆಗಾರರು ಅವನ ಕೈಯಿಂದ ಕೋವಿ ಕಿತ್ತುಕೊಂಡು, ಯಾರೂ ತಿರುಗಿಸದಂತೆ ತಿರುಪುಗಳಿಗೆ ಅಂಟಿಸಿದ್ದ ಪಟ್ಟಿ ಹಾಗೇ ಇತ್ತು. ಉಗುರಿನಿಂದ ಕೆರೆದಳು. ಅಂಚು ಕೂಡ ಎದ್ದಿರಲಿಲ್ಲ.

“ಹೂಂ. ಹೊಡೀರಿ.”

“ಮೊದಲನೇ ಈಡು ಲೆಕ್ಕಕ್ಕಿಲ್ಲ. ನಳಿಗೆ ತಣ್ಣಗಿದೆ,” ಎಂದ ಫಿನ್ಲೇ. ಹೊಡೆದ. ತಡೆದು ಮತ್ತೆ ಹೊಡೆದ. ಇನ್ನೊಂದು. ಕಾಗೆಗಳು ಕೂಗುತ್ತ ಎದ್ದವು.

ಇಬ್ಬರೂ ಗುರಿಹಲಗೆಯ ತನಕ ನಡೆದರು.

ಕಪ್ಪುಚುಕ್ಕೆ ಚೊಕ್ಕವಾಗಿತ್ತು. ತೂತುಗಳೆಲ್ಲ ಒಂದೇ ಕಡೆ ಗುಂಪಾಗಿದ್ದವು. ಬಲಗಡೆ. ಇಷ್ಬೆಲ್ ಬೆರಳು ಚಾಚಿ ಅಳೆದಳು. ಸರಿಯಾಗಿ ಒಂದು ಗೇಣು. ಇಲ್ಲಿಗೆ ಗೇಣಾದರೆ ಇನ್ನೂರು ಗಜಕ್ಕೆ ಮೊಳ.

“ನೋಡಿದೆಯಾ?” ಫಿನ್ಲೇ ತೂತುಗಳತ್ತ ಬೆರಳು ಮಾಡಿದ. “ಒಂದು ವರ್ಷದಿಂದ ಕೊಲೆಗಡುಕನನ್ನ ನೋಡಿದ ಹಾಗೆ ನೋಡ್ತಿದ್ದೆ. ನಾನು ಸುಳ್ಳು ಹೇಳಲಿಲ್ಲ ಕಣೆ.”

ಅವಳು ಇನ್ನೊಮ್ಮೆ ಗೇಣು ಹಾಕಿ ನೋಡಿದಳು. ಇದು ಹೇಗಾಯಿತು? ಹೇಗಾದೀತು?

ಗುಡಿಸಲಿಗೆ ಮರಳಿದ ಮೇಲೆ ಫಿನ್ಲೇ ಕಣ್ಣೊರೆಸಿಕೊಂಡು ಪಟ್ಟಿ ಕಿತ್ತ. “ಎಲ್ಲಿ ತಗುಲಿ ಕೆಟ್ಟಿತೋ ದೇವರೇ ಬಲ್ಲ. ಈಗಲಾದ್ರೂ ಸರಿ ಮಾಡ್ತೀನಿ. ಗುಂಡು ಬಲಕ್ಕೆ ಹೋಗ್ತಿದೆ ಅಲ್ವಾ, ಈ ಬಲಗಡೆ ಬಾಣ ಇದೆಯಲ್ಲ, ಆ ಕಡೆಗೇ ತಿರುಗಿಸಬೇಕು.”

“ಬಲಕ್ಕಾ?” ಇಷ್ಬೆಲ್‌ಳ ದನಿ ಒಡೆದಿತ್ತು. “ಬಲಕ್ಕೆ ತಿರುಗಿಸಿದ್ರೆ ಇನ್ನೂ ಬಲಕ್ಕೆ ಹೋಗಲ್ವಾ?”

“ಈಗಿನ ದುರ್ಬೀನುಗಳಲ್ಲಿ ಹಾಗೆ. ಇದು ನಮ್ಮಪ್ಪನ ಕಾಲದ ಜರ್ಮನ್ ಮಾಲು, ಇದರ ಬುದ್ಧಿಯೇ ಉಲ್ಟಾ. ‘ಗುಂಡು ಎಡಕ್ಕೆ ಹೋಗ್ತಿದ್ರೆ ಎಡದ ಬಾಣದ ಕಡೆ ತಿರುಗಿಸು, ನಾನು ಬಲಕ್ಕೆ ತರ್ತೀನಿ’ ಅನ್ನುತ್ತೆ. ಅದಕ್ಕೇ ಇದನ್ನ ಯಾರ ಕೈಗೂ ಕೊಟ್ಟೋನಲ್ಲ ನಾನು. ಗೊತ್ತಿಲ್ಲದೋರು ಎಡಕ್ಕೆ ಅಂತ ತಿರುಗಿಸಿದ್ರೋ, ಗುಂಡು ಬಲಕ್ಕೆ!”

ಇಷ್ಬೆಲ್ ಗೋಡೆ ಹಿಡಿದುಕೊಂಡಳು. ಸೊಂಟದ ಬೀಗದ ಕೈ ಹಲಗೆಗೆ ತಾಗಿ ಸದ್ದಾಯಿತು.

ಒಂಟಿಕೊಂಬ ಬದುಕಲಿ, ಗುಂಡು ಎಡಕ್ಕೆ ತಪ್ಪಿ ಬೋಳುಗುಡ್ಡಕ್ಕೆ ಬೀಳಲಿ ಎಂದು ಬೇಟೆಯ ಹಿಂದಿನ ಸಂಜೆ ಬೀರು ತೆಗೆದು, ಎಡದ ಬಾಣ ನೋಡಿಕೊಂಡೇ ತಿರುಪನ್ನು ತಿರುಗಿಸಿದ್ದವಳು ಅವಳು.