ಗುಬ್ಬಚ್ಚಿ ಅಂಗಡಿಯ ಮೊದಲ ಗಿರಾಕಿ

ಮೊದಲ ಆರ್ಡರ್ ಬಂದಾಗ ತಂಗಿ ಚಪ್ಪಾಳೆ ತಟ್ಟಿದಳು. ಅಕ್ಕ ಎದ್ದು ಹೋಗಿ ಮುಂಬಾಗಿಲಿಗೆ ಚಿಲಕ ಹಾಕಿ ಬಂದಳು.

ಕಂಪ್ಯೂಟರಿನ ಪರದೆಯ ಮೇಲೆ ಗಿರಾಕಿಯ ಹೆಸರಿತ್ತು. ಅದು ಅಕ್ಕನ ಮಾಜಿ ಗಂಡನ ಹೆಸರು. ಇನಿಷಿಯಲ್ಲೂ ಅದೇ, ಊರೂ ಅದೇ.

ಆ ಮನೆ ಬಿಟ್ಟು ಬರುವಾಗಲೇ ಅವಳ ಎಡಗೈಯ ಕಿರುಬೆರಳು ಸೊಟ್ಟಗಾಗಿತ್ತು. ಸಾರಿಗೆ ಉಪ್ಪು ಹೆಚ್ಚಾದರೂ ಸರಿ, ಮಾತು ಹೆಚ್ಚಾದರೂ ಸರಿ, ಅವನಿಗೆ ಅದೇ ಬೆರಳು, ಅದೇ ಬಾಗಿಲ ಸಂದಿ. ಕೋರ್ಟಿನಲ್ಲಿ ವಿಚ್ಛೇದನವಾದ ಮೇಲೆ ಅವಳು ಊರು ಬದಲಾಯಿಸಿದಳು, ಫೋನ್ ನಂಬರ್ ಬದಲಾಯಿಸಿದಳು. ಈಗ ತಂಗಿಯ ಬಾಡಿಗೆ ಮನೆಯಲ್ಲಿ ಬಟ್ಟೆಯ ಬ್ಯಾಗ್ ಹೊಲಿಯುತ್ತಾಳೆ. ಬಾಗಿಲು ಜೋರಾಗಿ ಬಡಿದುಕೊಂಡರೆ ಇವತ್ತಿಗೂ ಅವಳ ಕೈ ತಾನಾಗಿಯೇ ಮುಷ್ಟಿಯಾಗುತ್ತದೆ.

ಆನ್‌ಲೈನ್ ಅಂಗಡಿ ತಂಗಿಯ ಹುಚ್ಚು. ಅವಳು ಕಂಪ್ಯೂಟರ್ ರಿಪೇರಿ ಮಾಡುವವಳು. ದೊಡ್ಡ ಕಂಪನಿಗಳ ಜಾಲತಾಣದಲ್ಲಿ ಮಾರಿದರೆ ಲಾಭವೆಲ್ಲ ಅವರಿಗೆ, ನಮ್ಮ ಕೈಗೆ ಚಿಪ್ಪು ಎಂದು ವಾದಿಸಿ, ಯಾರೋ ಬಿಸಾಡಿದ ಕಂಪ್ಯೂಟರೊಂದನ್ನು ಹೊತ್ತು ತಂದು, ಹೊಲಿಗೆ ಯಂತ್ರದ ಪಕ್ಕದಲ್ಲಿಟ್ಟು, ಅದನ್ನೇ ಅಂಗಡಿ ನಡೆಸುವ ಸರ್ವರ್ ಮಾಡಿದ್ದಳು. ಬ್ಯಾಗುಗಳ ಚಿತ್ರ, ಬೆಲೆ, ಹಣ ಕಟ್ಟುವ ಪುಟ, ಎಲ್ಲ ಅವಳದೇ ಕೈಕೆಲಸ. ಪರೀಕ್ಷೆಗೆಂದು ತಾನೇ ಒಂದು ಬ್ಯಾಗ್ ಕೊಳ್ಳಹೋದಾಗ, ಒಂದಕ್ಷರ ಒತ್ತುವಷ್ಟರಲ್ಲಿ ಕಂಪ್ಯೂಟರೇ ಅವಳ ಹೆಸರು, ವಿಳಾಸ ಎಲ್ಲವನ್ನೂ ತುಂಬಿಬಿಟ್ಟಿತ್ತು. ಇದಕ್ಕೆ ನನಗಿಂತ ಅವಸರ ಎಂದು ತಂಗಿ ನಕ್ಕಿದ್ದಳು. ಅಕ್ಕನಿಗೂ ನಗು ಬಂದಿತ್ತು, ಬಹಳ ಕಾಲದ ಮೇಲೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಜಾಗ ಖಾಲಿ ಬಿಟ್ಟರೆ ಚೆಂದ ಕಾಣುವುದಿಲ್ಲವೆಂದು 'ಸಂಪರ್ಕಿಸಿ' ಎಂಬ ಪುಟದಲ್ಲಿ ಮಹಾರಾಯಿತಿ ಮನೆಯ ವಿಳಾಸವನ್ನೇ ಹಾಕಿದ್ದಳು. ಬ್ಯಾಗುಗಳ ಚಿತ್ರಗಳನ್ನು ಫೋನಿನಲ್ಲಿ ಸಿಕ್ಕಸಿಕ್ಕ ಗುಂಪುಗಳಿಗೆಲ್ಲ ಕಳಿಸಿದ್ದಳು. ನಿನ್ನ ಹೆಸರು ಎಲ್ಲೂ ಇಲ್ಲವಲ್ಲ ಎಂದು ಅಕ್ಕನಿಗೆ ಸಮಾಧಾನ ಹೇಳಿದ್ದೂ ಅವಳೇ.

ಈಗ ಆ ಹೆಸರಿನ ಕೆಳಗೆ ಗಿರಾಕಿಯ ಸೂಚನೆಯಿತ್ತು: "ಎಲ್ಲಕ್ಕಿಂತ ದೊಡ್ಡ ಬ್ಯಾಗ್ ಒಂದು ಬೇಕು. ಕಳಿಸಬೇಡಿ, ಗುರುವಾರ ನಾನೇ ಬಂದು ತಗೊಳ್ತೀನಿ. ಫೋನ್ ಮಾತ್ರ ಮಾಡಬೇಡಿ. ಮನೆಯಲ್ಲಿ ಯಾರ್ಯಾರು ಇರ್ತೀರಿ? ಹಿಂಬಾಗಿಲು ಇದೆಯಾ?"

ಒಂದೇ ಹೆಸರಿನವರು ಊರಲ್ಲಿ ಎಷ್ಟೋ ಜನ ಇರುತ್ತಾರೆ ಎಂದಳು ತಂಗಿ. ಅವನು ಮತ್ತೆ ಮದುವೆಯಾದನೆಂದು ಚಿಕ್ಕಮ್ಮ ಹೇಳಿದ್ದನ್ನೂ ನೆನಪಿಸಿದಳು.

"ಅವನಿಗೆ ಇನ್ನೊಬ್ಬಳು ಸಿಕ್ಕಾಯ್ತಲ್ಲ ಅಕ್ಕ. ನಿನ್ನನ್ನ ಯಾಕೆ ಹುಡುಕ್ಕೊಂಡು ಬರ್ತಾನೆ?"

ಸ್ವಂತ ಸರ್ವರಿನದೊಂದು ಗುಣ: ಅಂಗಡಿಗೆ ಯಾವ ಕಂಪ್ಯೂಟರಿನಿಂದ ಬಂದರು, ಏನೇನು ನೋಡಿದರು ಎಂಬುದನ್ನೆಲ್ಲ ಬರೆದಿಟ್ಟುಕೊಳ್ಳುತ್ತದೆ. ತಂಗಿ ಅದನ್ನು ತೆರೆದಳು. ಧೈರ್ಯ ತುಂಬಲು ಹೋಗಿ ಇದ್ದ ಧೈರ್ಯವನ್ನೂ ಕಳೆದಳು. ಆರ್ಡರ್ ಬಂದ ಆ ಒಂದೇ ಕಂಪ್ಯೂಟರಿನಿಂದ ವಾರಗಟ್ಟಲೆ, ಹಗಲು ಹೊತ್ತಿನಲ್ಲಿ ಯಾರೋ ಬಂದು ಹೋಗುತ್ತಿದ್ದರು. ಬೆಲೆಯ ಕಡೆ ಕಣ್ಣೂ ಹಾಯಿಸಿರಲಿಲ್ಲ. ನೋಡುತ್ತಿದ್ದದ್ದು ಒಂದೇ ಚಿತ್ರ, ಬ್ಯಾಗಿನ ಮೂಲೆಯ ಕೆಂಪು ಗುಬ್ಬಚ್ಚಿಯದು. ಅದಾದ ಮೇಲೆ ವಿಳಾಸದ ಪುಟ.

ಗುಬ್ಬಚ್ಚಿ ಅಕ್ಕನ ಕೈಯ ಗುರುತು. ಹಿಂದೆ ಆ ಮನೆಯ ದಿಂಬಿನ ಕವರುಗಳಿಗೂ ಪರದೆಗಳಿಗೂ ಅದನ್ನು ಹೊಲಿದು ಬೈಸಿಕೊಂಡಿದ್ದಳು. ಆ ಮನೆಯಲ್ಲಿ ಬಾಳಿದವರಿಗೆ ಅದರ ಗುರುತು ಹಿಡಿಯಲು ಅರೆಗಳಿಗೆ ಸಾಕು.

ಭಾನುವಾರ ಮಾತ್ರ ಯಾರೂ ಬಂದಿರಲಿಲ್ಲ.

"ಭಾನುವಾರ ಅವನು ಮನೇಲೇ ಇರ್ತಾನೆ. ಆಫೀಸಲ್ಲಿ ಕೂತು ನೋಡ್ತಿದ್ದಾನೆ," ಎಂದಳು ಅಕ್ಕ.

ತಂಗಿ ಪೊಲೀಸ್ ಠಾಣೆಗೆ ಹೋಗಿ ಬಂದಳು. ಬ್ಯಾಗ್ ಕೊಳ್ಳುವುದು ಅಪರಾಧವಲ್ಲ, ಅವನು ಬಂದು ಏನಾದರೂ ಮಾಡಿದರೆ ಫೋನ್ ಮಾಡಿ ಎಂದರಂತೆ. ಮಾಡಿದ ಮೇಲೆ ಫೋನ್ ಮಾಡುವವರು ಯಾರು ಎಂದು ಅಕ್ಕ ಕೇಳಲಿಲ್ಲ. ತನ್ನ ನಾಲ್ಕು ಬಟ್ಟೆಗಳನ್ನು ಚೀಲಕ್ಕೆ ತುಂಬಿ ಹಿಂಬಾಗಿಲ ಬಳಿ ಇಟ್ಟಳು. ಹಿಂಬಾಗಿಲು ಇದೆಯೆಂದು ಅವನಿಗೆ ಯಾರೂ ಉತ್ತರ ಕೊಟ್ಟಿರಲಿಲ್ಲ; ಅವನು ಮುಂದಿನಿಂದ ಬಂದರೆ ಇವಳು ಹಿಂದಿನಿಂದ ಹೊರಡಬೇಕು. ಮತ್ತೆ ಹೊಸ ಊರು, ಹೊಸ ನಂಬರ್. ಆ ಯೋಚನೆಗೇ ಅವಳಿಗೆ ಅಳು ಬಂತು. ಆದರೂ ಸುಮ್ಮನೆ ಕೂರಲಾಗದೆ ಆರ್ಡರಿನ ಬ್ಯಾಗನ್ನು ಹೊಲಿದು ಮುಗಿಸಿದಳು. ಗುಬ್ಬಚ್ಚಿಯ ರೆಕ್ಕೆ ಸ್ವಲ್ಪ ವಾರೆಯಾಯಿತು.

ಗುರುವಾರ ತಂಗಿ ಕೆಲಸಕ್ಕೆ ರಜೆ ಹಾಕಿದಳು. ಕಬ್ಬಿಣದ ಸಲಾಕೆ ಹಿಡಿದು, ಮುಂಬಾಗಿಲ ಪಕ್ಕದ ಕಿಟಕಿಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಬೀದಿಯಲ್ಲಿ ಹಾಲಿನವನು ಹೋದ, ಶಾಲೆಯ ಬಸ್ಸು ಹೋಯಿತು. ಮಧ್ಯಾಹ್ನದ ಊಟಕ್ಕೆ ಇಬ್ಬರೂ ಕೈ ಹಾಕಲಿಲ್ಲ.

ಆಮೇಲೆ ಬಾಗಿಲು ಬಡಿದ ಸದ್ದಾಯಿತು. ಹಿಂಬಾಗಿಲು.

ಓಡಿಹೋಗಲು ಇಟ್ಟುಕೊಂಡ ದಾರಿಯಲ್ಲೇ ಅವನು ಬಂದು ನಿಂತಂತಿತ್ತು. ಮುಂದಿನಿಂದ ಹೋಗಿಬಿಡು ಎಂದು ತಂಗಿ ಸನ್ನೆ ಮಾಡಿದಳು. ಅಕ್ಕ ತನ್ನ ಚೀಲವನ್ನು ಎತ್ತಿಕೊಂಡಳು. ಎರಡು ಹೆಜ್ಜೆ ಇಟ್ಟಳು. ಮತ್ತೆ ಕೆಳಗಿಟ್ಟಳು.

"ಎಷ್ಟು ಊರು ಅಂತ ಓಡ್ಲಿ?" ಎಂದಳು. ಬಟ್ಟೆ ಕತ್ತರಿಸುವ ಕತ್ತರಿಯನ್ನು ಕೈಗೆತ್ತಿಕೊಂಡು ಚಿಲಕ ತೆಗೆದಳು.

ಅವನಿರಲಿಲ್ಲ. ಚಿಕ್ಕ ವಯಸ್ಸಿನ ಹೆಂಗಸೊಬ್ಬಳು ಹಿಂದೆ ತಿರುಗಿ ತಿರುಗಿ ನೋಡುತ್ತ ನಿಂತಿದ್ದಳು. ಎದೆಗೆ ಅವಚಿಕೊಂಡಿದ್ದು ದಿಂಬಿನ ಕವರಿಗೆ ತುರುಕಿದ ಬಟ್ಟೆಗಳು. ಕವರಿನ ಮೂಲೆಯಲ್ಲಿ ಮಾಸಿದ ಕೆಂಪು ಗುಬ್ಬಚ್ಚಿ. ಎಡಗೈಯ ಕಿರುಬೆರಳಿಗೆ ಬಟ್ಟೆ ಸುತ್ತಿತ್ತು.

"ಅಕ್ಕ, ಹೆಸರಿನ ಜಾಗದಲ್ಲಿ ಕಂಪ್ಯೂಟರೇ ನಮ್ಮನೆಯವರ ಹೆಸರು ತುಂಬಿಬಿಡ್ತು, ಅಳಿಸೋಕೆ ಗೊತ್ತಾಗಲಿಲ್ಲ," ಎಂದಳು ಅವಳು. "ಒಳಗೆ ಬರ್ತೀನಿ, ಬೇಗ ಬಾಗಿಲು ಹಾಕಿಬಿಡಿ."